ಬಿಚ್ಚಿ ನೋಡಿದ ಗಾಯ

ನಮ್ಮದು ಹರಪನಹಳ್ಳಿಯಲ್ಲಿ ಕಿಟಕಿಗೆ, ಶೋಕೇಸಿಗೆ ಗಾಜು ಕತ್ತರಿಸಿ ಕೊಡುವ ಅಂಗಡಿ. ಹಿಂದೆಯೇ ಮನೆ. ಅವತ್ತು ನನ್ನ ಗಂಡ ಕೊಟ್ರೇಶ್ ಗೋಡೆಗೆ ಒರಗಿಸಿದ್ದ ದೊಡ್ಡ ಗಾಜನ್ನು ಎಳೆಯುವಾಗ ಅದು ಮುರಿದು ಅವರ ತೊಡೆಯನ್ನು ಸೀಳಿತು.

ಕೂಗಲಿಲ್ಲ. "ಒಂದು ಟವೆಲ್ ತಗೊಂಬಾ" ಅಂದರು, ಸ್ನಾನಕ್ಕೆ ಹೊರಟವರ ಹಾಗೆ.

ಟವೆಲ್ ಮಡಚಿ ಗಾಯದ ಮೇಲಿಟ್ಟು ನನ್ನ ವೇಲಿನಿಂದ ಬಿಗಿದೆ. ರಕ್ತ ಕಡಿಮೆಯಾಯಿತು. ಅಷ್ಟಕ್ಕೇ ಬಿಟ್ಟಿದ್ದರೆ ಸಾಕಿತ್ತು. ಆದರೆ ನಮ್ಮ ಕಡೆ ಗಾಯ ಅಂದಮೇಲೆ ಬಂದವರೆಲ್ಲ ಕಣ್ಣಾರೆ ನೋಡಬೇಕು. ನೋಡದಿದ್ದರೆ ಅವರಿಗೆ ಕಾಳಜಿ ಇಲ್ಲ, ತೋರಿಸದಿದ್ದರೆ ನಮ್ಮದು ಮುಚ್ಚುಮರೆ.

ಮೈದುನ ಮಂಜುನಾಥ ಓಡಿಬಂದ. "ಬಿಚ್ರಿ ಅತ್ತಿಗಿ, ಎಷ್ಟು ಆಳ ಐತಿ ನೋಡಾನ."

ಬಿಚ್ಚಿದ. ಮತ್ತೆ ಹರಿಯಿತು. ಮತ್ತೆ ಕಟ್ಟಿದೆ.

ಒಳಗಿಂದ ಅತ್ತೆ ಬಂದರು. "ನನ್ನ ಮಗನ ಗಾಯ ನಾನು ನೋಡಬ್ಯಾಡೇನು?" ಅವರೂ ಬಿಚ್ಚಿ, ಮುಷ್ಟಿ ತುಂಬ ಅರಿಶಿನ ಸುರಿದರು. ಅದು ರಕ್ತದ ಜೊತೆ ಕೊಚ್ಚಿಹೋಯಿತು.

ಅಷ್ಟರಲ್ಲಿ ಕುರ್ಚಿಯಲ್ಲಿ ಕೂತಿದ್ದ ಇವರ ಮುಖ ಬಿಳಿಚಿಕೊಂಡಿತ್ತು. ಹಣೆ ತಣ್ಣಗೆ, ಅದರ ಮೇಲೆ ಬೆವರು. "ಚಳಿ ಆಗ್ತೈತಿ. ನೀರು ಕೊಡ್ರಿ" ಅಂದರು.

ಕುರ್ಚಿಯಿಂದ ಜಾರಿ ಬಿದ್ದರು.

ನನಗೆ ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿರಬೇಕು ಅಂದುಕೊಂಡೆ. ಗಂಡ ಕಣ್ಣ ಮುಂದೆ ಬಿದ್ದಿರುವಾಗ ಹೆಂಡತಿಯ ತಲೆಯಲ್ಲಿ ಹಾಲು ಇರುತ್ತದೆ ಅಂತ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ.

ಮಂಜುನಾಥ ಆಂಬುಲೆನ್ಸ್‌ಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ನನ್ನ ಪಕ್ಕ ಇಟ್ಟ. ಆ ಕಡೆಯ ಹೆಂಗಸು ಹೇಳುತ್ತಾ ಹೋದಳು, ನಾನು ಯಂತ್ರದಂತೆ ಮಾಡುತ್ತಾ ಹೋದೆ. ಅಂಗಾತ ಮಲಗಿಸಿದೆ. ಕಾಲನ್ನು ಎತ್ತರಕ್ಕಿಟ್ಟೆ. ಕಂಬಳಿ ಹೊದಿಸಿದೆ. ಎರಡೂ ಅಂಗೈ ಊರಿ ಗಾಯವನ್ನು ಒತ್ತಿದೆ.

"ಬಟ್ಟೆ ನೆಂದರೆ ಅದರ ಮೇಲೇ ಇನ್ನೊಂದು ಇಡಿ. ತೆಗೆದು ನೋಡಬೇಡಿ, ಕಟ್ಟಿದ ಹೆಪ್ಪು ಕಿತ್ತುಹೋಗುತ್ತೆ. ಕುಡಿಯೋಕೆ ಏನೂ ಕೊಡಬೇಡಿ."

ಅತ್ತೆ ಲೋಟ ಹಿಡಿದು ನಿಂತಿದ್ದರು. "ಒಂದು ಗುಟುಕು ಹಾಕ್ತೀನಿ, ಆಚಿ ಸರಿ."

"ಬ್ಯಾಡ್ರಿ ಅತ್ತಿ."

"ಹೋಗೋ ಜೀವಕ್ಕ ನೀರು ತಪ್ಪಿಸ್ತೀ ಏನು?"

ಒತ್ತಿ ಹಿಡಿದೇ ಇದ್ದೆ. ಇವರ ಜೀವ ಹೋಗಿಯೇ ಬಿಟ್ಟರೆ, ಕೊನೆಯ ನೀರು ತಪ್ಪಿಸಿದವಳು ನಾನಾಗುತ್ತೇನೆ ಎಂಬುದು ಗೊತ್ತಿತ್ತು. ಗೊತ್ತಿತ್ತು ಅಷ್ಟೇ, ಏನೂ ಅನಿಸಲಿಲ್ಲ. ತೋಳು ಜೋಮು ಹಿಡಿದಿತ್ತು. ಆಂಬುಲೆನ್ಸಿನವರು ಬಂದು "ಬಿಡ್ರಿ ಅಕ್ಕಾ, ನಾವು ಹಿಡ್ಕೊಂತೀವಿ" ಅಂದಾಗ ಬೆರಳು ಬಿಡಿಸಲು ಆಗಲಿಲ್ಲ.

ದಾವಣಗೆರೆಯ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ರಕ್ತನಾಳ ಹೊಲಿದರು. ರಕ್ತ ಏರಿಸಿದರು. "ರಕ್ತ ಹೋಗಿ ಬಿ.ಪಿ. ಕುಸಿದು ಶಾಕ್‌ಗೆ ಹೋಗಿದ್ದರು. ನೀವು ಒತ್ತಿ ಹಿಡಿದದ್ದು ಒಳ್ಳೇದಾಯಿತು" ಎಂದರು ಡಾಕ್ಟರ್. ಹೂಂ ಅಂದೆ. ನನ್ನ ಉಗುರಿನ ಸಂದಿಯಲ್ಲಿ ಅರಿಶಿನ ಹಾಗೇ ಇತ್ತು.

ಈಗ ಮನೆಗೆ ಬಂದಿದ್ದೇವೆ. ಇವರು ಕೋಲು ಹಿಡಿದು ನಡೆಯುತ್ತಾರೆ. ತೊಡೆಯ ಒಂದು ಭಾಗಕ್ಕೆ ಮುಟ್ಟಿದರೂ ಗೊತ್ತಾಗುವುದಿಲ್ಲ, ಅದು ವಾಪಸ್ ಬರಬಹುದು, ಬರದೆಯೂ ಇರಬಹುದಂತೆ. ಮಾತಾಡಿಸಲು ಬಂದವರು "ಎಲ್ಲಿ, ತೋರ್ಸಪ್ಪಾ" ಅನ್ನುತ್ತಾರೆ. ಅತ್ತೆ ಮಂಚದ ಪಕ್ಕ ಕಾವಲು ಕೂತಿರುತ್ತಾರೆ. "ನೋಡಾಕ ಏನೈತಿ ಅದರಾಗ? ಕುಂದರ್ರಿ, ಚಾ ಕುಡೀರಿ." ಅತ್ತೆಯೂ ಅವತ್ತಿನಿಂದ ಗಾಯ ನೋಡಿರಲಿಲ್ಲ. ನನ್ನ ಜೊತೆ ಮಾತೂ ಅಷ್ಟಕ್ಕಷ್ಟೇ ಆಗಿತ್ತು.

ನಿನ್ನೆ ನಾನು ಡ್ರೆಸ್ಸಿಂಗ್ ಬದಲಿಸುವಾಗ ಅತ್ತೆ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದರು: "ಈಗ ನೋಡಬಹುದೇನವಾ?"

"ಬರ್ರಿ" ಅಂದೆ.

ಹೊಲಿಗೆಯ ಗೆರೆಯನ್ನು ನೋಡಿದರು, ಮುಟ್ಟಲಿಲ್ಲ. ಒಳಗೆ ಹೋಗಿ ಲೋಟದಲ್ಲಿ ನೀರು ತಂದರು. ಮಗನ ಬಾಯಿಗೆ ಹಿಡಿಯಲು ಹೋದವರು ನಿಂತು, ಲೋಟವನ್ನು ನನ್ನ ಕೈಗೆ ಕೊಟ್ಟರು.

"ನೀನ ಕುಡಿಸು."

ಇವರು ಗಟಗಟ ಕುಡಿದರು. ಆಗ ನನಗೆ ಅಳು ಬಂತು.