ಮೂರನೆಯ ಸಾಲು

ಆ ಊರಿನಲ್ಲಿ ಕನ್ನಡ ಓದಬಲ್ಲ ಗಂಡಸರು ಐದು ಮಂದಿ ಇದ್ದರು. ಐವರಿಗೂ ಗೊತ್ತಿತ್ತು. ನಾನು ಸೊಸೆಯಾಗಿ ಹೋದ ಮೇಲೆ ಓದಬಲ್ಲ ಆರನೆಯವಳಾಗಿ ನನಗೂ ಗೊತ್ತಾಯಿತು. ಇಷ್ಟು ವರ್ಷಗಳಾದರೂ ಅದನ್ನು ನೆನೆದರೆ ನನ್ನ ಕಿವಿಗಳು ಬಿಸಿಯಾಗುತ್ತವೆ. ಅವರ ಮೇಲಿನ ಸಿಟ್ಟು ಎಷ್ಟು, ನನ್ನ ಮೇಲಿನದು ಎಷ್ಟು ಎಂದು ಬಿಡಿಸಿ ಹೇಳಲು ಬರುವುದಿಲ್ಲ.

ನನ್ನ ತವರು ಕೊಪ್ಪಳ. ಆಗ ನಿಜಾಮನ ರಾಜ್ಯ. ಸರಕಾರಿ ಸಾಲಿ ಎಂದರೆ ಉರ್ದು ಸಾಲಿ, ಅದೂ ಗಂಡುಹುಡುಗರಿಗೆ. ಅಪ್ಪ ಒಂದು ಪಾಟಿ, ಒಂದಿಷ್ಟು ಬಳಪ ತಂದು ಪಡಸಾಲೆಯಲ್ಲಿ ಕೂರಿಸಿ ನನಗೆ ಕನ್ನಡ ಕಲಿಸಿದ. ಹದಿನಾರಕ್ಕೆ ಮದುವೆಯಾಯಿತು. ಗಂಡನ ಊರು ಯಲಬುರ್ಗಾದಿಂದ ಕುಷ್ಟಗಿಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಹಳ್ಳಿ. ಮಾವ ಊರಿಗೆ ಹಿರಿಯ. ಅವರ ಮಾತು ಮುಗಿಯುವವರೆಗೆ ಯಾರೂ ಕೆಮ್ಮುತ್ತಿರಲಿಲ್ಲ. ಮನೆಯಲ್ಲಿ ಅತ್ತೆ ಇದ್ದರು, ನನ್ನ ಗಂಡ ಇದ್ದ, ಮತ್ತೆ ಮಾವನ ಸತ್ತುಹೋದ ತಮ್ಮನ ಹೆಂಡತಿ ಇದ್ದಳು. ಅವಳನ್ನು ನಾನು ಸಣ್ಣತ್ತಿ ಎಂದು ಕರೆಯುತ್ತಿದ್ದೆ.

ಸಣ್ಣತ್ತೆಗೆ ಮೂವತ್ತೈದು ಇದ್ದಿರಬೇಕು. ಎತ್ತರದ ಹೆಂಗಸು. ಗಟ್ಟಿಯಾಗಿ ನಗುತ್ತಿದ್ದಳು, ವಿಧವೆ ಹಾಗೆ ನಗಬಾರದು ಎಂದು ಅತ್ತೆ ಗೊಣಗಿದರೆ ಇನ್ನಷ್ಟು ನಗುತ್ತಿದ್ದಳು. ಗಂಡ ಸತ್ತ ಮೇಲೆ ಅವಳಿಗೆ ಉಳಿದದ್ದು ಒಬ್ಬಳೇ ಮಗಳು. ಆ ಮಗಳು ಏಳು ವರ್ಷದವಳಿದ್ದಾಗ ಬೇಸಿಗೆಯಲ್ಲಿ ಹಳ್ಳಕ್ಕೆ ನೀರು ತರಲು ಹೋದಳು. ಹಳ್ಳ ಒಣಗಿದಾಗ ಮರಳಿನಲ್ಲಿ ಗುಂಡಿ ತೋಡಿ, ಒಸರುವ ನೀರನ್ನು ತೆಂಗಿನ ಪರಟೆಯಿಂದ ಮೊಗೆದು ಕೊಡ ತುಂಬಬೇಕು. ಬೇಸಿಗೆ ಹೆಚ್ಚಿದಂತೆ ಗುಂಡಿ ಆಳವಾಗುತ್ತ ಹೋಗುತ್ತದೆ. ಹುಡುಗಿ ಇಳಿದಿದ್ದಾಗ ಮರಳಿನ ಗೋಡೆ ಅವಳ ಮೇಲೆ ಕುಸಿಯಿತು. ಸುತ್ತ ಇದ್ದ ಹೆಂಗಸರು ಕೈಯಿಂದಲೇ ಬಗೆದರು. ಸಿಕ್ಕಾಗ ಹೊತ್ತು ಮೀರಿತ್ತು.

ವರ್ಷ ತುಂಬುವುದರೊಳಗೆ ಸಣ್ಣತ್ತೆ ತನ್ನ ಬೋರಮಾಳ, ಡಾಬು, ತೋಳಬಂದಿ, ಇದ್ದ ಬಂಗಾರವನ್ನೆಲ್ಲ ಒಂದು ಬಟ್ಟೆಯಲ್ಲಿ ಕಟ್ಟಿ ಮಾವನ ಮುಂದೆ ಇಟ್ಟಳಂತೆ. ತವರಿನವರು ಮದುವೆಯಲ್ಲಿ ಉಡಿಯಲ್ಲಿ ಹಾಕಿದ್ದ ಹೊಲವನ್ನೂ ಮಾರಿಸಿದಳು. ಅವಳು ಕೇಳಿದ್ದು ಎರಡೇ. ಊರ ಹತ್ತಿರ ಒಂದು ಬಾವಿ, ಬಾವಿಯ ಕಲ್ಲಿನ ಮೇಲೆ ಮಗಳ ಹೆಸರು.

ಬಾವಿಯಾಯಿತು. ಪಾವಟಿಗೆ, ಅಂದರೆ ಕಲ್ಲಿನ ಮೆಟ್ಟಿಲು, ಇಳಿದು ನೀರು ತುಂಬುವಂಥ ದೊಡ್ಡ ಬಾವಿ, ಸಿಹಿನೀರು. ಬಾವಿಯ ಬಾಯಿಗೆ ಒಂದು ಕಲ್ಲೂ ನಿಂತಿತು.

ನಾನು ಹೋದ ಮೊದಲ ವಾರವೇ ಸಣ್ಣತ್ತೆ ನನ್ನನ್ನು ನೀರಿಗೆ ಕರೆದೊಯ್ದಳು. ಅಂದು ಮಂಗಳವಾರ. ಕೊಡ ಕೆಳಗಿಟ್ಟು, ಸೆರಗಿನ ಗಂಟಿನಿಂದ ಅರಿಷಿಣ ತೆಗೆದು, ಕಲ್ಲಿನ ಮೂರನೆಯ ಸಾಲಿಗೆ ಬೆರಳಿನಿಂದ ಹಚ್ಚಿದಳು. ಒಂದೊಂದು ಅಕ್ಷರದ ಸಂದಿಯಲ್ಲೂ ಬೆರಳಾಡಿಸಿದಳು, ಕೂಸಿಗೆ ಎಣ್ಣೆ ಹಚ್ಚುವ ಹಾಗೆ. ಮೇಲೊಂದು ಕಣಗಿಲೆ ಹೂ ಇಟ್ಟಳು.

"ಇದು ನನ್ನ ಮಗಳ ಹೆಸರು ನೋಡವ್ವ," ಅಂದಳು. "ಮ್ಯಾಲಿನ ಎರಡು ಸಾಲು ದೇವರದ್ದು ಅಂತ. ಮೂರನೇದು ನನ್ನ ಮಗಳದ್ದು. ಭಾವಾರು ತೋರಿಸ್ಯಾರ. ನಿನಗ ಓದಾಕ ಬರ್ತೈತಂತಲ್ಲ, ಓದಿ ಹೇಳು. ನಾ ಆಕಿ ಹೆಸರು ಓದಿದ್ದನ್ನ ಒಮ್ಮೆನೂ ಕೇಳಿಲ್ಲ."

ನಾನು ಓದಿದೆ. ಮೊದಲ ಸಾಲಿನಲ್ಲಿ ಮಾವನ ತಂದೆಯ ಹೆಸರು, ಅವರ ಸ್ಮರಣಾರ್ಥ ಎಂದು. ಎರಡನೆಯದರಲ್ಲಿ ಮಾವನ ಹೆಸರು, ಕಟ್ಟಿಸಿದವರು ಎಂದು. ಮೂರನೆಯ ಸಾಲು ಹೀಗಿತ್ತು: ಇಲ್ಲಿ ಅರಿವೆ ಒಗೆಯಬಾರದು.

ಆರು ವರ್ಷ ಆ ತಾಯಿ ಮಂಗಳವಾರ ಶುಕ್ರವಾರ ತಪ್ಪದೆ ಆ ಸಾಲಿಗೆ ಅರಿಷಿಣ ಹಚ್ಚಿದ್ದಳು. ಓದಬಲ್ಲ ಐವರೂ ಅದೇ ದಾರಿಯಲ್ಲಿ ಓಡಾಡುತ್ತಿದ್ದರು. ಮಾವನಂತೂ ಸರಿಯೇ. ಕುಲಕರ್ಣಿ ನೋಡಿದ್ದ. ಮಠದ ಅಯ್ಯನವರು ನೋಡಿದ್ದರು. ಅಂಗಡಿಯವ ನೋಡಿದ್ದ. ಐದನೆಯವನು ನನ್ನ ಗಂಡ.

"ಓದವ್ವ," ಅಂದಳು ಸಣ್ಣತ್ತೆ.

ನಾನು ಅವಳ ಮಗಳ ಹೆಸರು ಹೇಳಿದೆ. ಕಲ್ಲಿನ ಮೇಲೆ ಬೆರಳಿಟ್ಟು, ಅಕ್ಷರ ಅಕ್ಷರವಾಗಿ, ಇಲ್ಲದ್ದನ್ನು ಓದಿದೆ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಆಮೇಲೆ, "ಎಷ್ಟು ಛಂದ ಓದ್ತೀ," ಅಂದಳು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನನಗೇನು ಗೊತ್ತಿಲ್ಲೇನ? ಹೊಸದಾಗಿ ಬಂದೀ, ಬಾಯಿ ಮುಚ್ಕೊಂಡಿರು," ಅಂದರು. ಗಂಡನನ್ನು ಕೇಳಿದರೆ, ತಾನು ಕಲಿತದ್ದು ಉರ್ದು, ಕನ್ನಡ ಅಷ್ಟಾಗಿ ಓದಲು ಬರುವುದಿಲ್ಲ ಎಂದ. ಮದುವೆಗೆ ಮೊದಲು ನಮ್ಮಪ್ಪನಿಗೆ ಎರಡು ಪುಟದ ಕಾಗದವನ್ನು ಅದೇ ಮನುಷ್ಯ ಕನ್ನಡದಲ್ಲಿ ಬರೆದಿದ್ದ.

ಉಳಿದವರು ಮಾವ. ಸೊಸೆಯಾದವಳು ಮಾವನ ಎದುರು ನಿಂತು ಮಾತನಾಡುವಂತಿರಲಿಲ್ಲ. ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿದೆ.

"ಮಾವಾರ, ಬಾವಿ ಕಲ್ಲಿನ್ಯಾಗ ಸಣ್ಣತ್ತಿ ಮಗಳ ಹೆಸರು ಇಲ್ಲರಿ."

ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತಲಿಲ್ಲ. "ಇಲ್ಲ," ಅಂದರು. "ಹೆಣ್ಣುಕೂಸಿನ ಹೆಸರು ಕಲ್ಲಾಗ ಕೆತ್ತಿಸಿದ್ರ ಮಂದಿ ನಗತಾರ. ನಾಳೆ ನಮ್ಮಪ್ಪನ ಹೆಸರು ಯಾರು ಹೇಳಬೇಕು? ಒಂದು ಮನೆತನ ಅಂದಮ್ಯಾಲ ಏನರೆ ಉಳೀಬೇಕಲ್ಲ."

"ಬಂಗಾರ ಆಕಿದರಿ."

"ಆಕಿ ಯಾರ ಮನ್ಯಾಗ ಅದಾಳ?"

"ಮೂರನೇ ಸಾಲು ತೋರಿಸಿದ್ದು ಯಾಕರಿ?"

"ಹೆಸರು ಎಲ್ಲೆ ಐತಿ ಅಂತ ಬೆನ್ನ ಹತ್ತಿ ಕೇಳಿದಳು. ಬೆರಳಿಗೆ ಸಿಕ್ಕ ಸಾಲು ತೋರಿಸಿದೆ. ಅದರಿಂದ ಆಕಿಗೆ ಸಮಾಧಾನ ಐತಿ. ನೀ ಹೇಳಿ ಕೆಡಸ್ತೀ ಏನು?"

ಅವರ ದನಿಯಲ್ಲಿ ಒಂದಿಷ್ಟೂ ನಾಚಿಕೆಯಿರಲಿಲ್ಲ. ಉಪಕಾರ ಮಾಡಿದವರ ದನಿ ಅದು. ಹೇಳಿ ಕೆಡಿಸಬೇಡ ಎಂಬ ಮಾತು ನನ್ನನ್ನು ಕಟ್ಟಿಹಾಕಿತು. ನಿಜ ಹೇಳಬೇಕೆಂದರೆ ನನಗೂ ಅದು ಅನುಕೂಲವಾಗಿತ್ತು. ನಾನು ಸುಮ್ಮನಾದೆ. ಎರಡು ವರ್ಷ ಸುಮ್ಮನಿದ್ದೆ. ಆ ಎರಡು ವರ್ಷ ಅವಳ ಜೊತೆ ನೀರಿಗೆ ಹೋದೆ, ಅವಳು ಕೇಳಿದಾಗಲೆಲ್ಲ ಓದಿದೆ.

ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ. ತಾಲೂಕಿನ ಸಾಹೇಬರೊಬ್ಬರು ಹಳ್ಳಿಗಳನ್ನು ನೋಡುತ್ತ ಬರುವವರಿದ್ದರು. ಊರಿಗೆ ನೀರು ಕೊಟ್ಟವರೆಂದು ಮಾವನಿಗೆ ಅವರ ಕೈಯಿಂದ ಶಾಲು ಹೊದಿಸಬೇಕೆಂದು ಹಿರಿಯರು ಗೊತ್ತುಮಾಡಿದರು. ಸಣ್ಣತ್ತೆ ಬೆಳಿಗ್ಗೆಯೇ ತಲೆಗೆ ಎರೆದುಕೊಂಡು ಮಡಿಸಿಟ್ಟಿದ್ದ ಸೀರೆ ಉಟ್ಟಳು. "ಇವತ್ತ ನನ್ನ ಮಗಳ ಹೆಸರು ಸಾಹೇಬರ ಮುಂದ ಹೇಳ್ತಾರ," ಅಂದಳು. ಆಗಲಾದರೂ ನಾನು ಅವಳ ಕೈ ಹಿಡಿದು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಶಾಲು ಹೊದಿಸಿ, ಎರಡು ಮಾತಾಡಿ ಹೋಗುತ್ತಾರೆ, ಯಾರಿಗೂ ಏನೂ ತಿಳಿಯುವುದಿಲ್ಲ ಎಂದುಕೊಂಡೆ.

ಬಾವಿಯ ಸುತ್ತ ಊರೆಲ್ಲ ನೆರೆದಿತ್ತು. ಗಂಡಸರು ಮುಂದೆ, ನಾವು ಹಿಂದೆ. ಸಾಹೇಬರು ಉರ್ದು ಮಾತಾಡುವವರು. ಮಾವನಿಗೆ ಶಾಲು ಹೊದಿಸಿದ ಮೇಲೆ ಕಲ್ಲನ್ನು ನೋಡಿ, ಅದರಲ್ಲೇನಿದೆ ಎಂದು ತಮ್ಮ ಗುಮಾಸ್ತನನ್ನು ಕೇಳಿದರು. ಗುಮಾಸ್ತ ಗಂಟಲು ಸರಿಮಾಡಿಕೊಂಡು ಒಂದೊಂದೇ ಸಾಲನ್ನು ಕನ್ನಡದಲ್ಲಿ ಜೋರಾಗಿ ಓದಿ, ಉರ್ದುವಿನಲ್ಲಿ ಹೇಳತೊಡಗಿದ. ಮೊದಲ ಸಾಲಿಗೆ ಸಣ್ಣತ್ತೆಯ ಹುಬ್ಬು ಗಂಟಿಕ್ಕಿತು. ಎರಡನೆಯದಕ್ಕೆ ಅವಳು ನನ್ನ ಮೊಳಕೈ ಹಿಡಿದಳು. ಮೂರನೆಯ ಸಾಲು ಅರಿಷಿಣದಲ್ಲಿ ಮುಚ್ಚಿಹೋಗಿತ್ತು. ಗುಮಾಸ್ತ ಬಗ್ಗಿ, ಹೂ ಸರಿಸಿ ಓದಿದ.

"ಇಲ್ಲಿ ಅರಿವೆ ಒಗೆಯಬಾರದು."

ಅದಕ್ಕೆ ಪೂಜೆ ಮಾಡಿದ್ದನ್ನು ನೋಡಿ ಅವನಿಗೆ ನಗು ಬಂತು. ಮುಂದಿದ್ದ ನಾಲ್ಕಾರು ಜನರೂ ನಕ್ಕರು.

ಸಣ್ಣತ್ತೆ ನನ್ನ ಮುಖ ನೋಡಿದಳು. "ನೀನೂ?" ಅಂದಳು. ಅಷ್ಟೇ. ನನ್ನ ಮೊಳಕೈ ಬಿಟ್ಟಳು.

ಆಮೇಲೆ ಗಂಡಸರ ಸಾಲನ್ನು ಸೀಳಿಕೊಂಡು ಮುಂದೆ ಹೋದಳು. ಆ ಊರಿನಲ್ಲಿ ಹೆಂಗಸೊಬ್ಬಳು ಹಾಗೆ ಹೋದದ್ದನ್ನು ಯಾರೂ ಕಂಡಿರಲಿಲ್ಲ. ಕಲ್ಲಿನ ಮುಂದೆ ಕುಕ್ಕರಿಸಿ ಸೆರಗಿನಿಂದ ಅರಿಷಿಣವನ್ನೆಲ್ಲ ಉಜ್ಜಿ ಉಜ್ಜಿ ತೆಗೆದಳು. ಎದ್ದು ನಿಂತು ಮಾವನನ್ನು ಕೇಳಿದಳು.

"ಭಾವಾರ, ಈ ಕಲ್ಲಾಗ ನನ್ನ ಮಗಳು ಎಲ್ಲೆ ಅದಾಳರಿ?"

ಮಾವ ಹೊಸ ಶಾಲು ಸರಿಮಾಡಿಕೊಂಡರು. ಅವಳು ಅಯ್ಯನವರ ಕಡೆ ತಿರುಗಿದಳು. ಅವರು ನೆಲ ನೋಡಿದರು. ಅಂಗಡಿಯವ ಹಿಂದೆ ಸರಿದ. ಏನಾಯಿತು ಎಂದು ಸಾಹೇಬರು ಕೇಳಿದಾಗ ಕುಲಕರ್ಣಿ ಕೈಮುಗಿದು, "ದೀವಾನಿ ಹೈ ಸಾಬ್," ಅಂದ. ಹುಚ್ಚಿ ಎಂದ! ಬಂಗಾರ ಕೊಟ್ಟವಳನ್ನು, ಬಾವಿ ಕಟ್ಟಿಸಿದವಳನ್ನು, ಆ ನೀರು ಕುಡಿದೇ ಬಂದು ನಿಂತಿದ್ದ ಆ ಮನುಷ್ಯ ಹುಚ್ಚಿ ಎಂದ. ಸಾಹೇಬರು ಪಾಪ ಎನ್ನುವಂತೆ ತಲೆಯಾಡಿಸಿ ಮುಂದೆ ನಡೆದರು. ಅವರಿಗೆ ನಿಜ ತಿಳಿದಿದ್ದರೆ ಏನು ಮಾಡುತ್ತಿದ್ದರೋ ಗೊತ್ತಿಲ್ಲ. ತಿಳಿಸುವವರು ಯಾರೂ ಇರಲಿಲ್ಲ. ನನ್ನ ಗಂಡನಿಗೆ ಉರ್ದು ಬರುತ್ತಿತ್ತು. ಅವನು ಸಾಹೇಬರ ಜಟಕಾದ ಕುದುರೆ ಹಿಡಿದುಕೊಂಡು ನಿಂತಿದ್ದ.

ನಾಲ್ಕು ತಿಂಗಳು ಸಣ್ಣತ್ತೆ ನನ್ನ ಜೊತೆ ಮಾತಾಡಲಿಲ್ಲ. ನಾನು ಬಸುರಿ. ಹೆರಿಗೆಗೆ ತವರಿಗೆ ಹೋಗುವ ಹಿಂದಿನ ದಿನ ಅವಳ ಕಾಲು ಹಿಡಿದು ಅತ್ತುಬಿಟ್ಟೆ. ಅವಳು ಕಾಲು ಎಳೆದುಕೊಂಡಳು.

"ಓದು ಬರಲಾರದವರು ಸುಳ್ಳು ಹೇಳಿದ್ರ ತಡಕೋತಿದ್ನಿ," ಅಂದಳು. "ನೀ ಬೆರಳಿಟ್ಟು ಓದಿದಿ. ಅಕ್ಷರಕ್ಕ ಅಕ್ಷರ ಓದಿದಿ."

"ಏನು ಮಾಡ್ಲಿ ಹೇಳ್ರಿ ಸಣ್ಣತ್ತಿ."

"ಖರೇ ಕಲ್ಲು ತಾ."

ಕೊಪ್ಪಳಕ್ಕೆ ಹೋಗಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅಪ್ಪ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಗೋರಿಕಲ್ಲು ಕೆತ್ತುವ ಮುದುಕ ಮುಸಲ್ಮಾನರೊಬ್ಬರ ಬಳಿ ನನ್ನನ್ನೂ ಕರೆದುಕೊಂಡು ಹೋದ. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅಪ್ಪ ಬಳಪದಿಂದ ಕಲ್ಲಿನ ಮೇಲೆ ಬರೆದುಕೊಟ್ಟ. ಹುಡುಗಿಯ ಹೆಸರು, ಕೆಳಗೆ 'ಇವಳ ತಾಯಿ ಕಟ್ಟಿಸಿದ ಬಾವಿ'. ಮುದುಕರು ಕೆತ್ತುವ ಮೊದಲು ಕೂಸಿನ ಹೆಸರನ್ನು ಮೂರು ಸಲ ಹೇಳಿಸಿದರು, ತಾವೂ ಹೇಳಿದರು. "ಕೂಸಿನ ಹೆಸರು ಅದಾ ಬೇಟಿ, ತಪ್ಪಬಾರ್ದು ನೋಡು," ಅಂದರು. ಮುಗಿಸಿದ ಮೇಲೆ ನನ್ನಿಂದ ಓದಿಸಿದರು. ಗುರುತು ಪರಿಚಯವಿಲ್ಲದ ಆ ಮುದುಕರಿಗೆ ಇದ್ದ ಎಚ್ಚರ ನಮ್ಮ ಮನೆಯ ಗಂಡಸರಿಗೆ ಇರಲಿಲ್ಲ.

ಕೂಸನ್ನು ಎತ್ತಿಕೊಂಡು ಗಾಡಿಯಲ್ಲಿ ಕಲ್ಲಿನೊಡನೆ ಊರಿಗೆ ಬಂದೆ. ಮಾವ ಕಲ್ಲನ್ನು ನೋಡಿ, "ಒಂದು ಬಾವಿಗೆ ಎರಡು ಕಲ್ಲು ಇರೂದಿಲ್ಲ," ಅಂದರು. ಅದನ್ನು ಆಳಿನಿಂದ ದನದ ಕೊಟ್ಟಿಗೆಗೆ ಹಾಕಿಸಿದರು. ಮುಖ ಕೆಳಗೆ ಮಾಡಿ ಹಾಕಿಸಿದರು.

ಎಂಟು ದಿನ ಅದು ಸಗಣಿಯಲ್ಲಿ ಬಿದ್ದಿತ್ತು. ಒಂಬತ್ತನೆಯ ದಿನ ಮಾವ ಸಂತೆಗೆ ಹೋಗಿದ್ದಾಗ ಮಟಮಟ ಮಧ್ಯಾಹ್ನದಲ್ಲಿ ಸಣ್ಣತ್ತೆ ಕೊಟ್ಟಿಗೆಗೆ ಬಂದಳು. ಹಿಂದೆ ಏಳೆಂಟು ಹೆಂಗಸರು. ಅಂದು ಹಳ್ಳದಲ್ಲಿ ಕೈಯಿಂದ ಮರಳು ಬಗೆದವರು ಅವರಲ್ಲಿ ನಾಲ್ವರಿದ್ದರು. ಕಲ್ಲು ತೊಳೆದರು, ಸೀರೆಯ ತುಂಡಿನಲ್ಲಿ ಕಟ್ಟಿ ಹೊತ್ತರು. ನಾನೂ ಒಂದು ಮೂಲೆ ಹಿಡಿದೆ. ಬಾವಿಯ ಬಾಯಿಯಲ್ಲಿಟ್ಟರೆ ಸಂಜೆಗೆ ಕೀಳಿಸುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ಪಾವಟಿಗೆ ಇಳಿದು, ನೀರು ತುಂಬುವ ಜಾಗದ ಪಕ್ಕದ ಗೋಡೆಯಲ್ಲಿ ಎರಡು ಕಲ್ಲು ಸಡಿಲಿಸಿ ಇದನ್ನು ಕೂರಿಸಿದರು. ಅಲ್ಲಿಗೆ ಗಂಡಸರು ಇಳಿಯುತ್ತಿರಲಿಲ್ಲ. ಅವರಿಗೆ ಮನೆಗೇ ನೀರು ಬರುತ್ತಿತ್ತಲ್ಲ.

ಈ ಕಥೆ ಕೇಳಿದವರೆಲ್ಲ ಕೊನೆಗೆ, "ಅಂತೂ ಹೆಸರು ಉಳೀತು ಬಿಡ್ರಿ," ಅನ್ನುತ್ತಾರೆ. ಆ ಮಾತು ಕೇಳಿದರೆ ನನಗೆ ರೇಗುತ್ತದೆ. ಏನು ಉಳಿಯಿತು? ಮಾವನ ಹೆಸರು ಬಿಸಿಲಲ್ಲಿ, ದಾರಿಹೋಕರ ಕಣ್ಣಿಗೆ. ಕೂಸಿನದು ಕೆಳಗೆ ಪಾಚಿಯಲ್ಲಿ. ಒಳ್ಳೆಯ ಮಳೆಯಾದ ವರ್ಷ ನಾಲ್ಕು ತಿಂಗಳು ನೀರಿನೊಳಗೇ. ಅವಳು ಬಂಗಾರ ಕೊಟ್ಟದ್ದು ಮೇಲಿನ ಕಲ್ಲಿಗೆ. ಅದಕ್ಕೇ ಇಲ್ಲಿ ನಾನು ಯಾರ ಹೆಸರನ್ನೂ ಬರೆದಿಲ್ಲ. ಮಾವನದನ್ನು ಬರೆದರೆ ನಾನೂ ಒಂದು ಕಲ್ಲು ಹಾಕಿಸಿದ ಹಾಗೆ. ಕೂಸಿನದನ್ನು ಕಾಗದದ ಮೇಲೆ ಬರೆದು, ನ್ಯಾಯ ಸಿಕ್ಕಿತೆಂದು ಓದುವವರು ನಿಟ್ಟುಸಿರು ಬಿಡುವುದು ನನಗೆ ಬೇಕಾಗಿಲ್ಲ.

ನಿಜಾಮನ ಆಳ್ವಿಕೆ ಮುಗಿದ ಮರುವರ್ಷ ಸಣ್ಣತ್ತೆ ಜ್ವರದಲ್ಲಿ ತೀರಿಕೊಂಡಳು. ಹೆಣ ಎತ್ತುವಾಗ ಊರಿನ ಹೆಂಗಸರೆಲ್ಲ ಬಂದಿದ್ದರು. ಮಣ್ಣು ಮುಗಿದ ಮೂರನೆಯ ದಿನ ಮಾವ ಪಡಸಾಲೆಯಲ್ಲಿ ಹಿರಿಯರ ನಡುವೆ ಕುಳಿತು, "ಆಕಿ ಹೆಸರಿಲೆ ಒಂದು ಕಲ್ಲು ಹಾಕ್ಸೂನು. ನಮ್ಮ ಮನಿತನದ ಹೆಣ್ಣುಮಗಳು, ಏನರೆ ಉಳೀಬೇಕಲ್ಲ," ಅಂದರು. ಸುತ್ತ ಕುಳಿತವರು ದೊಡ್ಡ ಮನಸ್ಸು ಎಂದು ತಲೆಯಾಡಿಸಿದರು.

ನಾನು ಬಾಗಿಲ ಹಿಂದಿನಿಂದ ಹೊರಗೆ ಬಂದೆ. ಮದುವೆಯಾಗಿ ಹತ್ತು ವರ್ಷದ ಮೇಲೆ ಮೊದಲ ಸಲ ಮಾವನ ಎದುರು ನಿಂತೆ.

"ಬ್ಯಾಡ್ರಿ," ಅಂದೆ. "ಆಕಿ ಕೇಳಿದ್ದು ಆಕಿ ಹೆಸರಲ್ಲ. ಕೇಳಿದ್ದು ಕೊಡಲಿಲ್ಲ ನೀವು. ಕೇಳಲಾರದ್ದು ಕೊಡಬ್ಯಾಡ್ರಿ."

ಗಂಡ ನನ್ನನ್ನು ಒಳಗೆ ಎಳೆಯಲು ಎದ್ದ. ಮಾವ ಬೇಡವೆಂದು ಕೈಸನ್ನೆ ಮಾಡಿದರು. ಪಶ್ಚಾತ್ತಾಪದ ಮಾತೊಂದು ಬರುತ್ತದೇನೋ ಎಂದು ನಾನು ಕಾದೆ. ಅವರು ಎಲೆಅಡಿಕೆಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಈ ವರ್ಷ ಬಿತ್ತನೆ ತಡವಾಯಿತು ಎಂದು ಹಿರಿಯರ ಜೊತೆ ಬೇರೆ ಮಾತು ತೆಗೆದರು.