ಒಂದೇ ತುಂಡಿನ ಸರಪಳಿ

ಬೆಳಗಿನ ಆರು ಗಂಟೆ. ವೇಲ್ಸ್‌ನ ಟ್ರೆಗ್ಯಾರನ್ ಚೌಕದಲ್ಲಿ ಇನ್ನೂ ಯಾವ ಅಂಗಡಿಯ ಬಾಗಿಲೂ ತೆರೆದಿಲ್ಲ. ಎಲಿನೆಡ್ ಪ್ರಾಸರ್ ಮಾತ್ರ ತಮ್ಮ ಅಂಗಡಿಯ ಕಿಟಕಿಯ ಪಕ್ಕ ಕೂತು, ಮೊಣಕಾಲುಗಳ ನಡುವೆ ಮರದ ತುಂಡು ಅವುಚಿಕೊಂಡು ಕೆತ್ತುತ್ತಿದ್ದಾರೆ. ವಯಸ್ಸು ಅರವತ್ತೆಂಟು. ಹೆಬ್ಬೆರಳಿಗೆ ಸದಾ ಪಟ್ಟಿ.

ಇಲ್ಲಿನವರು ಒಲಿದವರಿಗೆ ಕೊಡುವ ಚಮಚ ಇದು. ಹಿಡಿಯ ಮೇಲೆ ಹಳೆಯ ಕೆಲ್ಟಿಕ್ ಗಂಟು, ಅದರಡಿ ತೂಗುವ ಐದು ಕೊಂಡಿಗಳ ಸರಪಳಿ. ಕೊಂಡಿಗಳನ್ನೂ ಅದೇ ತುಂಡಿನಿಂದ ಬಿಡಿಸಬೇಕು. ಅಂಟು ಸೋಕಿದರೆ ಅದು ಲೆಕ್ಕಕ್ಕಿಲ್ಲ. ಕಂಬಳಿ, ಕಂಚಿನ ಪದಕಗಳನ್ನೂ ಮಾರುವ ಈ ಅಂಗಡಿ ಗಂಡ ಇದ್ವಲ್ ಅವರ ಅಜ್ಜನದು. ನಲವತ್ತೊಂದು ವರ್ಷ ಇದ್ವಲ್ ಕೆತ್ತಿದರು, ಇವರು ಮಾರಿದರು. ಮೂರು ವರ್ಷದ ಹಿಂದೆ ಅವರ ಕೈ ನಡುಗತೊಡಗಿತು. ಉಳಿ, ಚಾಕು ಇವರ ಪಾಲಿಗೆ ಬಂದವು.

"ಅವ್ನು ಕಲಿಸಿದ್ದೇನು ಬಂತು, ಒಲೆ ಪಕ್ಕ ಕೂತ್ಕೊಂಡು ಬೈದಿದ್ದೇ ಬೈದಿದ್ದು," ಎಂದು ಎಲಿನೆಡ್ ನಗುತ್ತಾರೆ.

ಒಂದು ಚಮಚಕ್ಕೆ ಹನ್ನೊಂದು ದಿನ, ಬೆಲೆ ತೊಂಬತ್ತು ಪೌಂಡ್. ಬಸ್ ನಿಲ್ದಾಣದಲ್ಲಿ ಯಂತ್ರದ ಚಮಚ ಆರು ಪೌಂಡಿಗೇ ಸಿಗುತ್ತದೆ. ಹೊಟ್ಟೆ ಉರಿಯದೆ ಇನ್ನೇನು? "ಚಳಿಗಾಲದಲ್ಲಿ ವಾರಕ್ಕೆ ಇಬ್ರು ಬಂದ್ರೆ ಹೆಚ್ಚು. ಅವ್ರೂ ಮಳೆ ನಿಂತ ಕೂಡ್ಲೆ ಹೊರಟುಬಿಡ್ತಾರೆ."

ಹೋದ ವರ್ಷ ಹತ್ತನೆಯ ದಿನ ಒಂದು ಕೊಂಡಿ ಮುರಿಯಿತು. ಗಂಡ ತೂಕಡಿಸುವಾಗ ಎಲಿನೆಡ್ ಅಂಟು ಹಾಕಿ, ಉಜ್ಜಿ, ಎಣ್ಣೆ ಸವರಿಟ್ಟರು. ಎಚ್ಚರಾದ ಇದ್ವಲ್ ಸರಪಳಿಯ ಮೇಲೆ ಬೆರಳಾಡಿಸಿ ಎಷ್ಟು ಕೊಂಡಿ ಎಂದು ಕೇಳಿದರು.

"ಐದು ಅಂದೆ. 'ನಾಲ್ಕು, ಅಂಟಿನದು ಲೆಕ್ಕಕ್ಕಿಲ್ಲ' ಅಂದ, ತಗೊಂಡು ಒಲೆಗೆ ಹಾಕ್ಬಿಟ್ಟ. ಅವತ್ತು ಅತ್ತಿದ್ದೀನಿ, ಸುಳ್ಳು ಯಾಕೆ ಹೇಳ್ಲಿ."

ಈಗ ಆ ಬೆರಳುಗಳಲ್ಲೂ ಸ್ಪರ್ಶಜ್ಞಾನ ಉಳಿದಿಲ್ಲ. ಅಂಗಡಿಯ ಮರ್ಯಾದೆ ಕಾಯಲು ಇನ್ನಾರೂ ಇಲ್ಲ ಎಂಬ ಭಯ ಎಲಿನೆಡ್ ಅವರಿಗಿದೆ. ಕೈಯಲ್ಲಿರುವುದು ಅಂಚೆಯವರ ಮಗಳು ಮೆರೆರಿಡ್‌ಳ ಮದುವೆಯ ಚಮಚ, ಮದುವೆ ನಾಡಿದ್ದು. ಈ ಚಳಿಗಾಲಕ್ಕೆ ಬಂದಿರುವ ಬೇಡಿಕೆ ಇದೊಂದೇ.

ಎಂಟು ಗಂಟೆಗೆ ಕೊನೆಯ ಕೊಂಡಿ ಬಿಡಿಸಿಕೊಳ್ಳುವಾಗ ಚಟ್ ಎನ್ನುತ್ತದೆ. ಕೂದಲೆಳೆಯಷ್ಟು ಬಿರುಕು. ಒಂದು ಹನಿ ಅಂಟು ಸಾಕು, ಯಾರ ಕಣ್ಣಿಗೂ ಬೀಳದು. ಒಲೆಯ ಪಕ್ಕ ಕೂತ ಇದ್ವಲ್ ಕೈ ಚಾಚುತ್ತಾರೆ. ಸರಪಳಿ ಅವರ ಅಂಗೈಯಲ್ಲಿ ಅಲುಗುತ್ತದೆ.

"ನಂಗೇನೂ ಗೊತ್ತಾಗ್ತಿಲ್ಲ. ನೀನೇ ಹೇಳು, ಎಷ್ಟು?"

ಎಲಿನೆಡ್ ಸರಪಳಿಯನ್ನು ಅವರ ಅಂಗೈಯಿಂದ ತೆಗೆದು ಪಕ್ಕಕ್ಕಿಡುತ್ತಾರೆ.

"ನಾಲ್ಕು. ಮೆರೆರಿಡ್‌ಗೆ ಮದ್ವೆ ಆದ್ಮೇಲೇ ಸಿಗೋದು. ಬೇಡ ಅಂದ್ರೂ ಅನ್ಬಹುದು."

"ಐದು ಅಂದಿದ್ರೂ ನಂಗೆ ತಿಳೀತಿರ್ಲಿಲ್ಲ ಕಣೇ."

ಎಲಿನೆಡ್ ಹೊಸ ತುಂಡನ್ನು ಮೊಣಕಾಲುಗಳ ನಡುವೆ ಇರಿಸಿಕೊಳ್ಳುತ್ತಾರೆ.

"ನಂಗೆ ತಿಳೀತಿತ್ತಲ್ಲ."