ಗಟ್ಟಿಯಾಗಿ ಹೇಳಿದ್ದು

ಹೊಲಿಗೆಯಕ್ಕನ ಮನೆಯಲ್ಲಿ ಜೋರಾಗಿ ಮಾತಾಡುವಂತಿರಲಿಲ್ಲ. ಪಿಸುಗುಟ್ಟುವಂತೆಯೂ ಇರಲಿಲ್ಲ. ಪಿಸುಮಾತು ಕಿವಿಗೆ ಬಿದ್ದರೆ ಸಾಕು, ಅವಳ ತಮ್ಮ ತನ್ನ ವಿರುದ್ಧವೇ ಸಂಚು ನಡೆದಿದೆ ಎಂದು ಕೋಣೆಯ ಚಿಲಕ ಹಾಕಿಕೊಳ್ಳುತ್ತಿದ್ದ. ಹಾಗಾಗಿ ಅವಳು ಹೊಟ್ಟೆಯಲ್ಲಿರುವುದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಮೆಷಿನ್ ತುಳಿಯುತ್ತಿದ್ದಳು. ಅಮ್ಮ ಹೋದ ಮೇಲೆ ಅವನಿಗೆ ಇವಳೊಬ್ಬಳೇ ದಿಕ್ಕು. ನೆಂಟರಂತೂ ಬಿಡಿ, ಈ ಕಡೆ ತಲೆಹಾಕಿಯೂ ಮಲಗುತ್ತಿರಲಿಲ್ಲ. ಬೇರೆ ಯಾರು ಊಟ ಕೊಟ್ಟರೂ ವಿಷವೆಂದು ತಳ್ಳುವವನು ಇತ್ತೀಚೆಗೆ ಅಕ್ಕನ ಕೈಯ ಮಾತ್ರೆ ನುಂಗಿ, ಅವಳೆದುರು ಕೂತು ಉಣ್ಣುತ್ತಿದ್ದ. ಅಷ್ಟು ನಂಬಿಕೆ ಗಳಿಸುವಷ್ಟರಲ್ಲಿ ಅವಳು ಹಣ್ಣುಗಾಯಿ ನೀರುಗಾಯಿಯಾಗಿದ್ದಳು.

ಮನೋರೋಗಿಗಳನ್ನು ನೋಡಿಕೊಳ್ಳುವ ಮನೆಯವರಿಗೆಂದು ಒಂದು ವೆಬ್‌ಸೈಟ್ ಇತ್ತಂತೆ. ಅದನ್ನು ಹೊಸದಾಗಿ ಮಾಡುತ್ತಾರಂತೆ. ಇಂಥವರಿಗೆ ಏನು ಬೇಕು ಎಂದು ತಿಳಿಯಲು ಒಬ್ಬ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಮನೆಗೇ ಬಂದಳು. ಪಾಪ, ಒಳ್ಳೆಯವಳೇ. ತಮ್ಮ ಒಳಗೆ ಮಲಗಿದ್ದ.

"ಇದನ್ನ ನೋಡ್ತಾ ಹೋಗಿ ಮೇಡಂ. ಮನಸ್ಸಿಗೆ ಬಂದಿದ್ದನ್ನ ಗಟ್ಟಿಯಾಗಿ ಹೇಳ್ತಾ ಇರಿ. ನಮ್ಮ ಕೆಲಸದ ರೀತಿನೇ ಹಾಗೆ."

"ಗಟ್ಟಿಯಾಗಿ ಬೇಡಮ್ಮ."

"ರೆಕಾರ್ಡ್ ಆಗ್ಬೇಕಲ್ಲ, ಸ್ವಲ್ಪ ಜೋರಾಗಿ."

ಪರದೆಯ ತುಂಬ ನಗುಮುಖಗಳು. ಕೆಳಗೆ, ನಿಮಗಾಗಿ ಸಮಯ ಮಾಡಿಕೊಳ್ಳಿ ಎಂಬ ಉಪದೇಶ. ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

"ಸಮಯ ಎಲ್ಲಿಂದ ತರ್ಲಿ? ಅವನು ಚಿಲಕ ಹಾಕ್ಕೊಂಡಾಗ ಫೋನ್ ಎತ್ತೋ ಒಬ್ಬ ಮನುಷ್ಯ ಬೇಕು ನಂಗೆ. ಅದೆಲ್ಲಿದೆ ಇದ್ರಲ್ಲಿ?"

"ತುಂಬಾ ಚೆನ್ನಾಗಿ ಹೇಳಿದ್ರಿ. ಇನ್ನೂ ಹೇಳಿ."

ಇನ್ನೂ ಹೇಳು ಎಂದು ಅವಳಿಗೆ ಹುಟ್ಟಿದಾಗಿನಿಂದ ಯಾರೂ ಅಂದಿರಲಿಲ್ಲ. ಮೈಮರೆತಳು.

"ಸಾಕಾಗಿದೆ ಕಣಮ್ಮ. ಒಂದೊಂದ್ಸಲ ಅವನು ಸತ್ತಾದ್ರೂ ಹೋಗ್ಬಾರ್ದಾ ಅನ್ಸುತ್ತೆ. ಆಮೇಲೆ ಅವನಿಗೆ ಬಡಿಸ್ತಾ ಅಳ್ತೀನಿ."

ತಲೆಯೆತ್ತಿದರೆ ತಮ್ಮ ಬಾಗಿಲಲ್ಲಿ ನಿಂತಿದ್ದ. ಒಳಗೆ ಹೋದ, ಚಿಲಕ ಬಿತ್ತು. ಹುಡುಗಿ ಬಿಳಿಚಿಕೊಂಡು "ಸಾರಿ ಮೇಡಂ" ಎಂದಳು. ಸಾರಿ ಅಂದರೆ ಚಿಲಕ ತೆರೆಯುತ್ತದೆಯೇ?

ಅಂದಿನಿಂದ ಅವನು ಅಕ್ಕನ ಕೈಯ ಮಾತ್ರೆ ಮುಟ್ಟಲಿಲ್ಲ. ಎದುರು ಕೂತು ಉಣ್ಣಲೂ ಇಲ್ಲ. ಅವಳು ಕೈಮುಗಿದಳು, ಬೈದಳು, ಅತ್ತಳು. ಯಾವುದೂ ನಾಟಲಿಲ್ಲ.

ಕೆಲವು ತಿಂಗಳಿಗೆ ಹೊಸ ವೆಬ್‌ಸೈಟ್ ಬಂತು. ತಮ್ಮ ಬೆಳಗಿನಿಂದ ಬಾಗಿಲು ತೆಗೆಯದ ಒಂದು ದಿನ ಅವಳು ಮೊಬೈಲಿನಲ್ಲಿ ಅದನ್ನು ತೆರೆದು ಫೋನ್ ನಂಬರಿಗಾಗಿ ತಡಕಾಡಿದಳು. ಸಂದೇಶ ಬಿಡಿ, ಸಂಪರ್ಕಿಸುತ್ತೇವೆ ಎಂದಿತ್ತು. ಅದರ ಮೇಲೆ, ಚೆಂದದ ಬಣ್ಣದಲ್ಲಿ ದೊಡ್ಡದಾಗಿ, ಅವಳದೇ ಮಾತು: "ಅವನಿಗೆ ಬಡಿಸ್ತಾ ಅಳ್ತೀನಿ. ಒಬ್ಬ ಅಕ್ಕ." ಉಳಿದದ್ದನ್ನು ಕತ್ತರಿಸಿದ್ದರು, ಫೋನಿನ ಮಾತನ್ನೂ.

ಮೊಬೈಲ್ ಬದಿಗಿಟ್ಟು, ತಟ್ಟೆ ಹಿಡಿದು ಬಾಗಿಲು ತಟ್ಟಿದಳು. "ಊಟ ಆರ್ತಿದೆ ಕಣೋ."

ಒಳಗಿನಿಂದ ದನಿ ಬಂತು.

"ಮೊದ್ಲು ನೀನು ತಿನ್ನು."